ಹೆಸರು ಕೊರೆದ ಕೊಳದಪ್ಪಲೆ

ನಮ್ಮ ಮನೆಯಲ್ಲಿ ಟೆಲಿಫೋನ್ ಇತ್ತು. ನಾನು ವ್ಯಾಪಾರಕ್ಕೆ ಇಳಿದದ್ದಕ್ಕೆ ಅದೊಂದೇ ಕಾರಣ. ಜಾಣತನ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಂಬತ್ತರ ದಶಕದ ಮುಂಬಯಿಯ ಚೆಂಬೂರಿನಲ್ಲಿ ಫೋನಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ನಮ್ಮ ಯಜಮಾನರಿಗೆ ಕಂಪನಿಯವರೇ ಹಾಕಿಸಿಕೊಟ್ಟಿದ್ದರು, ಕಾರ್ಖಾನೆಯಲ್ಲಿ ಏನಾದರೂ ಕೆಟ್ಟರೆ ಕರೆಯುವುದಕ್ಕೆ. ಅವರನ್ನು ಯಾರೂ ಕರೆಯಲಿಲ್ಲ. ಬಂದ ಕರೆಗಳೆಲ್ಲ ನನಗೇ.

ಎರಡನೇ ಮಹಡಿಯ ಪಂಜಾಬಿ ಹೆಂಗಸಿನ ಗಂಡನಿಗೆ ದಿಲ್ಲಿಗೆ ಟ್ರಾನ್ಸ್‌ಫರ್ ಆದಾಗ ಫ್ರಿಜ್ಜು ಮಾರಬೇಕಾಗಿತ್ತು. "ಭಾಭೀಜಿ, ಆಪ್ ಕಾ ನಂಬರ್ ದೇ ದೂಂ?" ಅಂತ ಕೇಳಿದಳು. ಒಂದು ಕಾರ್ಡಿನ ಮೇಲೆ ನಮ್ಮ ಫೋನ್ ನಂಬರು ಬರೆದು ಮೂಲೆಯ ಮಂಗಳೂರಿನವರ ಅಂಗಡಿಯಲ್ಲಿ ಅಂಟಿಸಿದೆವು. ಮೂರೇ ದಿನಕ್ಕೆ ಫ್ರಿಜ್ಜು ಹೋಯಿತು. ಅವಳು ನೂರಕ್ಕೆ ಹತ್ತರಂತೆ ಲೆಕ್ಕ ಹಾಕಿ ನನ್ನ ಕೈಗಿಟ್ಟಳು. ಬೇಡ ಬೇಡ ಅಂದೆ, ತೆಗೆದುಕೊಂಡೆ. ಅಲ್ಲಿಂದ ಶುರು. ಗಲ್ಫಿಗೆ ಹೋಗುವವರ ಮಂಚ, ಮಗು ಬೆಳೆದ ಮೇಲೆ ಉಳಿದ ವಾಕರ್, ಹೊಸ ಕಲರ್ ಟೀವಿ ಬಂದವರ ಹಳೇ ಬ್ಲ್ಯಾಕ್ ಅಂಡ್ ವೈಟ್. ಈಗ ಮೊಬೈಲಿನಲ್ಲಿ ಫೋಟೋ ತೆಗೆದು ಹಾಕಿದರೆ ಮುಗಿಯಿತು, ಮಾರುವವರ ಮುಖ ಯಾರೂ ನೋಡಬೇಕಾಗಿಲ್ಲ. ಆಗ ಆ ಮುಖದ ಜಾಗದಲ್ಲಿ ನಾನಿದ್ದೆ. ಮನೆ ಸಾಮಾನು ಮಾರುತ್ತಿದ್ದೇವೆ ಅಂತ ನಾಲ್ಕು ಜನಕ್ಕೆ ಗೊತ್ತಾಗುವುದು ಅವರಿಗೆ ಅವಮಾನ. ಅದನ್ನು ನನ್ನ ತಲೆಗೆ ಕಟ್ಟಿ, ಹೊತ್ತದ್ದಕ್ಕೆ ಕೂಲಿ ಕೊಡುತ್ತಿದ್ದರು. ಮಕ್ಕಳೆಲ್ಲ ನನ್ನನ್ನು ಸೆಕೆಂಡ್ ಹ್ಯಾಂಡ್ ಆಂಟಿ ಅನ್ನುತ್ತಿದ್ದವು. ಅವರ ತಾಯಂದಿರು ಗದರಿಸುವ ಹಾಗೆ ಮಾಡಿ ನಗುತ್ತಿದ್ದರು.

ಪಾತ್ರೆ ಮಾರುವುದರಲ್ಲಿ ಒಂದು ರಗಳೆ ಇತ್ತು. ನಮ್ಮವರು ಯಾರಿಗೇ ಪಾತ್ರೆ ಉಡುಗೊರೆ ಕೊಡಲಿ, ಅದರ ಮೇಲೆ ಹೆಸರು ಕೊರೆಸದೆ ಕೊಡುವವರಲ್ಲ. ಯಾರಿಗೆ ಕೊಟ್ಟದ್ದು, ಯಾರು ಕೊಟ್ಟದ್ದು, ಯಾವ ತಾರೀಕು, ಎಲ್ಲ ಕಂಠದ ಸುತ್ತ ಇರಲೇಬೇಕು. ಯಾರದೋ ಹೆಸರಿರುವ ಪಾತ್ರೆಯನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು? ಅದಕ್ಕೆ ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನ ಕೈಲಿ ಮೊದಲು ಹೆಸರು ಉಜ್ಜಿಸಿಬಿಡುತ್ತಿದ್ದೆ. ಎಷ್ಟೋ ಅತ್ತೆ ಮಾವಂದಿರ, ಸೋದರಮಾವಂದಿರ ಹೆಸರುಗಳನ್ನು ಅಳಿಸಿದ ಪುಣ್ಯಾತ್ಗಿತ್ತಿ ನಾನು.

ನಮ್ಮಮ್ಮ ಮೈಸೂರಿನಲ್ಲಿ ಒಬ್ಬಳೇ ಇದ್ದಳು. ಅಪ್ಪ ಹೋದ ಮೇಲೆ ಹಪ್ಪಳ ಸಂಡಿಗೆ ಮಾಡಿ ಮನೆಮನೆಗೆ ಕೊಟ್ಟು ಜೀವನ ಮಾಡಿದವಳು. ನಮ್ಮ ಯಜಮಾನರ ಅಕ್ಕ, ನಾನು ಅತ್ತಿಗೆ ಅನ್ನುತ್ತಿದ್ದವರು, ಸಾಂತಾಕ್ರೂಜಿನಲ್ಲಿದ್ದರು, ದೊಡ್ಡ ಫ್ಲ್ಯಾಟು, ಕಾರು, ಡ್ರೈವರು. ಅವರ ಮಗಳ ಮದುವೆ ಗೊತ್ತಾದಾಗ ನಾನು ಮಕ್ಕಳ ರಜಕ್ಕೆ ಮೈಸೂರಿಗೆ ಹೋಗಿದ್ದೆ. ಅಮ್ಮನಿಗೆ ಮಂಡಿ ನೋವು, ಅಷ್ಟು ದೂರ ಬರುವ ಹಾಗಿರಲಿಲ್ಲ. ಆದರೆ ಬೀಗರ ಮನೆ ಮದುವೆಗೆ ಬರಿಗೈಯಲ್ಲಿ ಇರುವುದುಂಟೇ? ಒಂದು ಬೇಸಿಗೆಯ ಹಪ್ಪಳದ ದುಡ್ಡನ್ನೆಲ್ಲ ಹಾಕಿ ಹಿತ್ತಾಳೆಯ ಕೊಳದಪ್ಪಲೆ ತಂದಳು. ಹತ್ತು ಜನಕ್ಕೆ ಅನ್ನ ಮಾಡಬಹುದಾದಷ್ಟು ದೊಡ್ಡದು, ಎತ್ತಿದರೆ ಸೊಂಟ ಹಿಡಿಯಬೇಕು.

"ಅಮ್ಮಾ, ಈಗ ಯಾರು ಹಿತ್ತಾಳೇಲಿ ಅನ್ನ ಮಾಡ್ತಾರೆ? ಎಲ್ಲ ಕುಕ್ಕರು," ಅಂದೆ.

"ನೀನು ಸುಮ್ನಿರೇ. ಅವರ ಮನೇಲಿ ನೂರು ಸ್ಟೀಲ್ ಇರುತ್ತೆ. ಇದೊಂದು ಎದ್ದು ಕಾಣ್ಬೇಕು."

ಅಂಗಡಿಯವನ ಮುಂದೆ ಕೂತು ಉಳಿಯಲ್ಲಿ ಒಂದೊಂದೇ ಅಕ್ಷರ ಕೊರೆಸಿದಳು. ಹುಡುಗಿಯ ಹೆಸರು, ಕೆಳಗೆ ತನ್ನ ಹೆಸರು. ಅದನ್ನು ಹಳೇ ಸೀರೆಯಲ್ಲಿ ಸುತ್ತಿ ನನಗೆ ಒಪ್ಪಿಸಿ, "ಅವರ ಕೈಗೇ ಕೊಡು, ಬೇರೆ ಯಾರಿಗೂ ಕೊಡ್ಬೇಡ," ಅಂದಳು. ಮುಂಬಯಿವರೆಗೂ ರೈಲಿನಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ತಂದೆ. ಮದುವೆಯ ದಿನ ಅತ್ತಿಗೆಯ ಕೈಗೇ ಕೊಟ್ಟೆ.

"ಹಿತ್ತಾಳೇನಾ? ಹಾಂ, ಅಲ್ಲಿಡು," ಅಂದರು. ಅಷ್ಟೇ.

ಅಮ್ಮ ಕಾಗದದ ಮೇಲೆ ಕಾಗದ ಬರೆದಳು. ಏನಂದರು? ಇಷ್ಟವಾಯಿತಾ? "ಎಲ್ಲರಿಗೂ ತೋರಿಸಿದರು. ಇಂಥಾದ್ದು ಈಗ ಎಲ್ಲಿ ಸಿಗುತ್ತೆ ಅಂದರು," ಅಂತ ಬರೆದೆ. ಬರೆಯುವುದಕ್ಕೆ ಕೂತರೆ ನನ್ನ ಕೈ ಧಾರಾಳ. ಹುಡುಗಿಯ ಅತ್ತೆಯೂ ಮೆಚ್ಚಿದರು ಅಂತ ಇನ್ನೊಂದು ಸಾಲು ಸೇರಿಸಿದೆ.

ಎರಡು ವರ್ಷ ಕಳೆದ ಮೇಲೆ ಅತ್ತಿಗೆಯ ಫೋನು ಬಂತು.

"ನಿನ್ನ ಬಿಸಿನೆಸ್ ಹೇಗೆ ನಡೀತಿದೆ? ಮದುವೇಲಿ ಬಂದಿದ್ದ ಸಾಮಾನು ಬಾಲ್ಕನಿ ತುಂಬಾ ಬಿದ್ದಿದೆ ಕಣೆ. ಮಗಳಂತೂ ದುಬೈಯಿಂದ ಬಂದು ತಗೊಂಡು ಹೋಗಲ್ಲ. ನೀನು ಬಂದು ಎತ್ಕೊಂಡು ಹೋಗು. ಎಲ್ಲರ ಹತ್ರ ತಗೊಳ್ಳೋ ಕಮಿಷನ್ ನನ್ನ ಹತ್ರಾನೂ ತಗೋ, ಸಂಕೋಚ ಬೇಡ."

ಹೋದೆ. ಗೋಡೆ ಗಡಿಯಾರಗಳು, ಡಬ್ಬಿ ಬಿಚ್ಚದ ಶರಬತ್ತಿನ ಸೆಟ್ಟುಗಳು, ಮಿಕ್ಸಿ. ಮೂಲೆಯಲ್ಲಿ, ಬಟ್ಟೆ ಒಣಗಿಸುವ ಹಗ್ಗದ ಕೆಳಗೆ, ನಮ್ಮಮ್ಮನ ಕೊಳದಪ್ಪಲೆ. ಕಿಲುಬು ಹಿಡಿದು ಹಸಿರಾಗಿತ್ತು. ಒಳಗೆ ಬಟ್ಟೆ ಕ್ಲಿಪ್ಪುಗಳು.

"ಅಯ್ಯೋ ಅದಾ? ಕ್ಲಿಪ್ಪು ಸುರಿದುಬಿಡು. ಯಾವನು ಕೊಟ್ಟನೋ ಮಾರಾಯ್ತಿ, ಸರ್ವೆಂಟ್ ಕೂಡ ಎತ್ತಲ್ಲ ಅದನ್ನ. ಭಂಗಾರ್‌ವಾಲಾಗೆ, ಅದೇ ಗುಜರಿಯವನಿಗೆ, ತೂಕಕ್ಕೆ ಹಾಕು."

ಹೆಸರು ಅವರ ಕಡೆಗೇ ತಿರುಗಿತ್ತು. ಓದಲಿಲ್ಲ. ಯಾವನೋ ಅಲ್ಲ, ಮಂಡಿ ಹಿಡಿದುಕೊಂಡು ಬಿಸಿಲಲ್ಲಿ ಹಪ್ಪಳ ಒಣಗಿಸಿದ ನಮ್ಮಮ್ಮ ಅಂತ ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಅವರು "ಓ, ಹೌದಾ? ಸಾರಿ ಕಣೆ," ಅನ್ನುತ್ತಿದ್ದರು. ಆ ಸಾರಿ ನನಗೆ ಬೇಕಿರಲಿಲ್ಲ. ಉಳಿದದ್ದನ್ನೆಲ್ಲ ಮಾರಿದೆ, ಅದೊಂದನ್ನು ನಾನೇ ಇಟ್ಟುಕೊಂಡು, ಹಳೇ ಹಿತ್ತಾಳೆಯ ಬೆಲೆಯನ್ನು ಮನೆಖರ್ಚಿನ ದುಡ್ಡಿನಿಂದ ತೆಗೆದು ಅವರ ಕೈಗೆ ಕೊಟ್ಟೆ. ಅದರಲ್ಲೂ ಹತ್ತನೇ ಒಂದು ಪಾಲು ಎಣಿಸಿ ನನಗೆ ವಾಪಸ್ ಕೊಟ್ಟರು. ತೆಗೆದುಕೊಂಡೆ. ಥೂ, ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಎಲ್ಲ ಹೇಳಿದೆ. "ಹೋಗ್ಲಿ ಬಿಡು, ಅಕ್ಕನ ಸ್ವಭಾವಾನೇ ಹಾಗೆ," ಅಂದು ಮಜ್ಜಿಗೆ ಬಡಿಸಿಕೊಂಡರು.

ಕಲಾಯಿಯವನು ಬಂದಾಗ ಅದನ್ನೂ ಕೊಟ್ಟೆ. ಕಲಾಯಿ ಮುಗಿಸಿ, ಅಭ್ಯಾಸದಂತೆ, "ನಾಮ್ ಘಿಸ್ ದೂಂ ಕ್ಯಾ, ಬಾಯಿ?" ಅಂದ. ಅವನ ಮೇಲೆ ಹರಿಹಾಯ್ದೆ. ಊರವರ ಹೆಸರೆಲ್ಲ ಉಜ್ಜಿಸಿದವಳಿಗೆ ಅಮ್ಮನ ಹೆಸರು ಉಜ್ಜಿಸಲು ಕೈ ಬರಲಿಲ್ಲ. ಗೋಣಿಚೀಲ ಸುತ್ತಿ ಅಡುಗೆಮನೆಯ ಅಟ್ಟದ ಮೇಲೆ ಹಿಂದಕ್ಕೆ ತಳ್ಳಿಟ್ಟೆ. ಅವತ್ತು ಉಜ್ಜಿಸಿದ್ದರೆ ಎಲ್ಲ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಮರುವರ್ಷ ಬೇಸಿಗೆಗೆ ಅಮ್ಮ ಮೊದಲ ಸಲ ಮುಂಬಯಿಗೆ ಬಂದಳು. ಸುಮ್ಮನೆ ಕೂರುವ ಜೀವವಲ್ಲ ಅದು. ಒಂದು ದಿನ ನಾನು ಯಾರದೋ ಹೊಲಿಗೆ ಮಿಷನ್ ತೋರಿಸುವುದಕ್ಕೆ ಗಿರಾಕಿಯ ಜೊತೆ ಕಾಂದಿವಲಿಗೆ ಹೋಗಿದ್ದೆ. ಎರಡು ಬಸ್ಸು, ಒಂದು ಲೋಕಲ್ಲು, ಕೊನೆಗೆ ಅವನು ಕೊಳ್ಳಲೂ ಇಲ್ಲ. ಬೆವರಿಳಿಸಿಕೊಂಡು ಮನೆಗೆ ಬಂದರೆ ಅಡುಗೆ ಕಟ್ಟೆಯ ಮೇಲೆ ಕೊಳದಪ್ಪಲೆ ಫಳಫಳ ಹೊಳೆಯುತ್ತಿತ್ತು. ಹಪ್ಪಳದ ಹಿಟ್ಟು ಕಲಸುವುದಕ್ಕೆ ದೊಡ್ಡ ಪಾತ್ರೆ ಬೇಕಾಗಿ, ಕೆಲಸದವಳನ್ನು ಅಟ್ಟ ಹತ್ತಿಸಿದ್ದಾಳೆ. ಹುಣಸೆಹಣ್ಣು ಹಾಕಿ ತಾನೇ ಉಜ್ಜಿದ್ದಾಳೆ.

ಅಮ್ಮ ನೆಲದ ಮೇಲೆ ಕೂತಿದ್ದಳು. ಕಂಠದ ಮೇಲಿನ ಹೆಸರಿನ ಕಡೆ ಕೈ ತೋರಿಸಿದಳು. ಆಮೇಲೆ, "ಕೊಡ್ಲೇ ಇಲ್ವೇನೇ?" ಅಂದಳು.

ನಾನು ಕೈಚೀಲ ಕೆಳಗಿಟ್ಟೆ.

"ಮತ್ತೆ ಕಾಗದದಲ್ಲಿ ಬರೆದಿದ್ದು? ಎಲ್ಲರಿಗೂ ತೋರಿಸಿದ್ರು, ಹುಡುಗಿ ಅತ್ತೆ ಮೆಚ್ಚಿದ್ರು ಅಂತ. ಅದೆಲ್ಲ ನೀನೇ ಕಟ್ಟಿ ಬರೆದಿದ್ದಾ?"

"ಹೌದಮ್ಮ," ಅಂದೆ. ಅದು ನಿಜವೇ ಆಗಿತ್ತಲ್ಲ.

"ನಿಂಗೆ ಬೇಕಿದ್ರೆ ಕೇಳ್ಬಾರ್ದಿತ್ತೇನೇ? ಇನ್ನೊಂದು ತರ್ತಿದ್ದೆ. ಗೋಣಿ ಸುತ್ತಿ ಬಚ್ಚಿಡೋದಾ? ಊರವರ ಸಾಮಾನೆಲ್ಲ ನಂಬಿ ನಿನ್ನ ಕೈಗೆ ಕೊಡ್ತಾರೆ ಅಂತ ಹೆಮ್ಮೆ ಪಟ್ಕೋತಿದ್ದೆ ನಾನು."

ಒಂದು ಮಾತು ಸಾಕಿತ್ತು. ಕೊಟ್ಟೆ ಅಮ್ಮಾ, ಅವರು ಅದನ್ನು ತೂಕಕ್ಕೆ ಹಾಕಲು ಹೇಳಿದರು. ಆದರೆ ಆ ಮಾತು ಕೇಳಿದ ಮೇಲೆ ಅವಳು ಏನಾಗುತ್ತಿದ್ದಳು? ಕಳ್ಳಿ ಮಗಳನ್ನು ಬೈದುಕೊಂಡು ಬದುಕಬಹುದು. ತನ್ನ ಒಂದು ಬೇಸಿಗೆಯ ಬೆಲೆ ಬಟ್ಟೆ ಕ್ಲಿಪ್ಪಿನ ಡಬ್ಬಿ ಅಂತ ತಿಳಿದು ಹೇಗೆ ಬದುಕುವುದು? ನುಂಗಿಕೊಂಡೆ. ಯಜಮಾನರು ಹಾಲ್‌ನಲ್ಲೇ ಇದ್ದರು, ಎಲ್ಲ ಕೇಳಿಸುತ್ತಿತ್ತು. ಪೇಪರು ಮಡಿಸಲಿಲ್ಲ.

ಆ ಮೇ ತಿಂಗಳು ಪೂರ್ತಿ ಅಮ್ಮ ನಮ್ಮ ಬಿಲ್ಡಿಂಗಿನ ಟೆರೇಸಿನ ಮೇಲೆ ಹಪ್ಪಳ ಹಾಕಿದಳು. ನನ್ನ ಸಹಾಯ ಬೇಡ ಅಂದಳು, ನನ್ನ ದುಡ್ಡಂತೂ ಮುಟ್ಟಲಿಲ್ಲ. ತಾನೇ ಮೆಟ್ಟಿಲು ಹತ್ತಿ ಇಳಿದು, ಬಾರದ ಹಿಂದಿಯಲ್ಲಿ ಮನೆಮನೆಗೆ ಮಾರಿದಳು. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ದೊಡ್ಡ ಸ್ಟೀಲ್ ದಬರಿ ಕೊಂಡು, ಮಿಷನ್ನಿನಲ್ಲಿ ಹೆಸರು ಹಾಕಿಸಿದಳು. "ಈ ಸಲ ನಾನೇ ಕೊಡ್ತೀನಿ," ಅಂದಳು.

ಅಮ್ಮ, ನಾನು, ಯಜಮಾನರು ಮೂವರೂ ಸಾಂತಾಕ್ರೂಜಿಗೆ ಹೋದೆವು. ಅಮ್ಮ ಸೋಫಾದ ತುದಿಯಲ್ಲಿ ಕೂತು ದಬರಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಮದುವೇಲೇ ಕೊಡ್ಬೇಕಾಗಿತ್ತು. ನನ್ನ ಮಗಳು ತಲುಪಿಸ್ಲಿಲ್ಲ. ತಪ್ಪಾಯ್ತು, ಮನಸ್ಸಿಗೆ ಹಚ್ಕೋಬೇಡಿ."

ಅತ್ತಿಗೆ ನನ್ನ ಕಡೆ ನೋಡಿದರು. ನಾನೂ ಅವರನ್ನೇ ನೋಡಿದೆ. ಹೇಳಿ, ಒಂದೇ ಒಂದು ಮಾತು ಹೇಳಿ ಅಂತ ಕಣ್ಣಲ್ಲೇ ಕೇಳಿಕೊಂಡೆ. ಅವರು ಬೇಕೆಂದೇ ಸುಮ್ಮನಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

"ಪರ್ವಾಗಿಲ್ಲ ಬಿಡಿ," ಅಂದರು ನಗುತ್ತಾ. "ಇವಳಿಗೂ ಪಾಪ ಎಷ್ಟು ಕೆಲಸ! ಮರೆತಿರ್ತಾಳೆ."

ಅಮ್ಮ ಊರಿಗೆ ಹೋದಳು. ಪ್ರತಿ ವರ್ಷ ನಮಗೂ ಅತ್ತಿಗೆಗೂ ಸೇರಿಸಿ ಹಪ್ಪಳದ ಒಂದೇ ಪಾರ್ಸಲ್ ಬರುತ್ತಿತ್ತು, ಹಂಚುವವಳು ನಾನು. ಆ ವರ್ಷದಿಂದ ಎರಡು ಪಾರ್ಸಲ್. ಅಂಚೆಗೆ ಅಷ್ಟು ದುಡ್ಡು ಯಾಕೆ ಸುರಿಯುತ್ತೀ ಅಂತ ಬರೆದೆ. ಮರುವರ್ಷವೂ ಎರಡೇ ಪಾರ್ಸಲ್.

ಅಮ್ಮ ಬಂದುಹೋದ ಮೇಲಿನ ಎರಡನೇ ದೀಪಾವಳಿಗೆ ಅತ್ತಿಗೆ ಮನೆಗೆ ಬಣ್ಣ ಹೊಡೆಸುವಾಗ ಫೋನು ಮಾಡಿದರು. ಒಂದು ಚೀಲ ಸಾಮಾನು. ದಬರಿ ಮೇಲೇ ಇತ್ತು, ಕಾಗದದ ಚೀಟಿ ಕೂಡ ಕಿತ್ತಿರಲಿಲ್ಲ. "ಹೆಸರು ಗಿಸರು ಏನೋ ಇದೆ, ಉಜ್ಜಿಸ್ಕೋ," ಅಂದರು. ಈ ಸಲ ಅದನ್ನು ಮನೆಗೆ ತರಲಿಲ್ಲ. ಸಾಂತಾಕ್ರೂಜ್ ಸ್ಟೇಷನ್ನಿನ ಪಕ್ಕದ ಪಾತ್ರೆ ಅಂಗಡಿಯಲ್ಲೇ ಹೆಸರು ಉಜ್ಜಿಸಿ, ಅಲ್ಲೇ ಮಾರಿದೆ. ನನ್ನ ಕಮಿಷನ್ ಇಟ್ಟುಕೊಂಡೆ.

ಮುಂದಿನ ಬೇಸಿಗೆಯಲ್ಲಿ ನಾನು ಮೈಸೂರಿಗೆ ಹೋದಾಗ ಅಮ್ಮ ದೇವರ ಗೂಡಿನಿಂದ ಒಂದು ಇನ್‌ಲ್ಯಾಂಡ್ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. ದಬರಿ ಉಪಯೋಗಕ್ಕೆ ಬರುತ್ತಿದೆಯಾ ಅಂತ ಅವಳು ಅತ್ತಿಗೆಯನ್ನೇ ಕೇಳಿ ಬರೆದಿದ್ದಳಂತೆ, ನನ್ನನ್ನು ಕೇಳಿರಲಿಲ್ಲ. ಅತ್ತಿಗೆ ಚೆಂದದ ಅಕ್ಷರದಲ್ಲಿ ಉತ್ತರ ಬರೆದಿದ್ದರು: ದಿನಾ ಅದರಲ್ಲೇ ಅನ್ನ ಮಾಡುತ್ತೇವೆ, ಮಾಡುವಾಗೆಲ್ಲ ನಿಮ್ಮನ್ನು ನೆನೆಸಿಕೊಳ್ಳುತ್ತೇವೆ.

ನಾನು ಓದಿ ಮುಗಿಸುವವರೆಗೂ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ನೋಡಿದ್ಯಾ? ತಲುಪಿಸಿದ್ರೆ ಎಷ್ಟು ಚೆನ್ನಾಗಿ ಇಟ್ಕೋತಾರೆ," ಅಂದಳು.

"ಹೌದಮ್ಮ," ಅಂದೆ. ಕಾಗದವನ್ನು ಮಡಿಸಿ, ಎಲ್ಲಿತ್ತೋ ಅಲ್ಲೇ ಇಟ್ಟೆ.