ಹಂದಿ ಅಟ್ಟಣೆಯಲ್ಲಿ ನನ್ನ ಬೈರಾಸು

ಸತ್ತ ಹಂದಿಯ ಬಾಯಿಗೆ ಅವರು ಹಸಿರು ರೆಂಬೆ ಇಟ್ಟರು. ನಾನು ಕಣ್ಣಾರೆ ಕಂಡದ್ದು. ದೊಡ್ಡ ದೊಡ್ಡ ಗಂಡಸರು, ಎಲ್ಲರೂ ಹಸಿರು ಟೋಪಿಯನ್ನು ತೆಗೆದು ಎದೆಗೆ ಹಿಡಿದುಕೊಂಡು, ಮಂಜಿನಲ್ಲಿ ಹಂದಿಯ ಸುತ್ತ ಮೌನವಾಗಿ ನಿಂತರು. ಅದು ಪ್ರಾಣಿಗೆ ಕೊಡುವ ಕೊನೆಯ ತುತ್ತಂತೆ. ನಮ್ಮಲ್ಲಿ ಹೋಗುವ ಜೀವದ ಬಾಯಿಗೆ ತುಳಸಿ ನೀರು ಬಿಡುತ್ತಾರಲ್ಲ, ಹಾಗೆ. ನಾವು ಯಾರ ಬಾಯಿಗೆ ನೀರು ಬಿಡುತ್ತೇವೋ ಅವರನ್ನು ನಾವೇ ಗುಂಡು ಹೊಡೆದು ಕೆಡವಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ಒದ್ದೆಯಾಯಿತು. ಎಂಥ ಸಂಸ್ಕಾರವಂತ ಜನ ಎಂದುಕೊಂಡೆ. ಅಷ್ಟರಲ್ಲಿ ಅವರಲ್ಲಿ ಹಿರಿಯನಾದ ಗುಂಟರ್ ಟೋಪಿಯನ್ನು ಮತ್ತೆ ತಲೆಗೇರಿಸಿ ನನ್ನ ಕಡೆ ತಿರುಗಿದ.

"ನೀವು ನಿನ್ನೆ ಕೊಳದ ಬದಿಯ ಅಟ್ಟಣೆಯ ಏಣಿ ಹತ್ತಿ ನೋಡಿದಿರಂತೆ. ಅದು ನಾನು ಕೂರುವ ಜಾಗ."

ಹಂದಿಗೆ ತುತ್ತು, ನನಗೆ ಇದು. ಈ ದೇಶದ ಬೇಟೆಗಾರರ ಪರಿಚಯ ನನಗಾದದ್ದು ಹೀಗೆ.

ನಾನು ಮೂಡಬಿದಿರೆ ಕಡೆಯವನು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಯಂತ್ರಗಳ ವಿನ್ಯಾಸ ಮಾಡುವ ಕೆಲಸ. ಹೆಂಡತಿ ಸವಿತಾ ಮೈಸೂರಿನವಳು, ಮಗಳು ಆದ್ಯಾ ಇಲ್ಲಿಯ ಶಾಲೆಯವಳು. ಇಲ್ಲಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆಗಾಗಿ ಅಲೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೆಣ್ಣು ನೋಡಲು ಬಂದವರ ಹಾಗೆ ಮನೆಯೊಡೆಯರು ನಮ್ಮನ್ನು ಕೂರಿಸಿ, ಒಗ್ಗರಣೆ ಎಷ್ಟು ಹಾಕುತ್ತೀರಿ, ಮಗು ಓಡುತ್ತದೆಯೇ, ಶೂ ಎಲ್ಲಿಡುತ್ತೀರಿ ಎಂದು ಕೇಳುತ್ತಿದ್ದರು. ಕೊನೆಗೊಂದು ಮನೆ ಸಿಕ್ಕಿ, ಬಾಗಿಲ ಗಂಟೆಯ ಪಕ್ಕದ ಪಟ್ಟಿಯಲ್ಲಿ ನಮ್ಮ ಹೆಸರು ಬಂದಾಗ ಸವಿತಾ ಅದರ ಫೋಟೋ ತೆಗೆದು ಅವಳಮ್ಮನಿಗೆ ಕಳಿಸಿದಳು. ಆದರೆ ಆ ಗಂಟೆಯನ್ನು ಒತ್ತುವವರು ಪಾರ್ಸೆಲ್ ತರುವವರು ಮಾತ್ರ. ಇಲ್ಲಿ ನಾಲ್ಕು ಜನರ ಪರಿಚಯವಾಗಬೇಕಾದರೆ ಒಂದು ಫೆರ್‌ಐನ್ ಸೇರಬೇಕು, ಅಂದರೆ ಸಂಘ. ಮೊಲ ಸಾಕುವವರಿಗೂ ಸಂಘವುಂಟು, ಹಾಡುವವರಿಗೂ ಸಂಘವುಂಟು. ನಾನು ಬೇಟೆಯ ಕಡೆ ವಾಲಿದೆ.

"ಮರದ ಮೇಲೆ ಕೂರೋಕೆ ಜರ್ಮನಿಗೆ ಬರ್ಬೇಕಿತ್ತೇನ್ರೀ?" ಎಂದಳು ಸವಿತಾ. "ನಿಮ್ಮೂರಲ್ಲಿ ಮರ ಇರ್ಲಿಲ್ವಾ?"

"ಮರ ಉಂಟು ಮಾರಾಯ್ತಿ. ಹಂದಿಗೆ ಕೈ ಹಚ್ಚಿದ್ರೆ ಜೈಲೂ ಉಂಟು."

ನಮ್ಮಲ್ಲಿ ಹಂದಿ ಇಡೀ ಗದ್ದೆಯನ್ನು ಉತ್ತು ಹೋದರೂ ಕೈಮುಗಿದು ಕಳಿಸಿಕೊಡಬೇಕು. ನಾನು ಚಿಕ್ಕವನಿದ್ದಾಗ ಸೋದರಮಾವನ ಗದ್ದೆಯ ಬದಿಯಲ್ಲಿ ಒಂದು ಅಟ್ಟಣೆ ಇತ್ತು. ಅದರ ಮೇಲೆ ಕೂತು ಡಬ್ಬ ಬಡಿದು ಹಂದಿ ಓಡಿಸುತ್ತಿದ್ದರು. ಅಲ್ಲಿ ಯಾರೂ ಕೂರಬಹುದಿತ್ತು, ದಾರಿಹೋಕರೂ ಹತ್ತಿ ಬೀಡಿ ಸೇದಿ ಹೋಗುತ್ತಿದ್ದರು. ಬಡಿಯಲು ಜನ ಸಿಕ್ಕಿದರೆ ಸಾಕಿತ್ತು.

ಇಲ್ಲಿ ಹಾಗಲ್ಲ. ಮೊದಲು ತಿಂಗಳುಗಟ್ಟಲೆ ಪಾಠ, ಆಮೇಲೆ ಪರೀಕ್ಷೆ. ಗಾಳಿ ಯಾವ ಕಡೆಯಿಂದ ಬೀಸಿದರೆ ಎಲ್ಲಿ ಕೂರಬೇಕು, ಯಾವ ಜಿಂಕೆಗೆ ಎಷ್ಟು ಹಲ್ಲು, ಎಲ್ಲವನ್ನೂ ಬಾಯಿಪಾಠ ಮಾಡಿ ಪಾಸಾದೆ. ಆಮೇಲೆ ಸರ್ಕಾರದ ಕಾಡಿನಲ್ಲಿ ಬೇಟೆಯಾಡಲು ಬೆಗೆಹುಂಗ್ಸ್‌ಶೈನ್ ಎಂಬ ಅನುಮತಿ ಬೇಕು. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಂದಿ ಗಡಿ ದಾಟಿರುತ್ತದೆ. ಅದೂ ಸಿಕ್ಕಿತು.

ಆ ಕಾಡಿನಲ್ಲಿ ಅಲ್ಲಲ್ಲಿ ಹೋಖ್‌ಸಿಟ್ಸ್ ಇವೆ. ಅದು ಅವರ ಅಟ್ಟಣೆ: ನಾಲ್ಕು ಕಂಬ, ಒಂದು ಏಣಿ, ಮೇಲೆ ಕಿಟಕಿಯಿರುವ ಮರದ ಗೂಡು. ಕಾಡು ಸರ್ಕಾರದ್ದು, ಗೂಡುಗಳೂ ಸರ್ಕಾರದವು. ಅನುಮತಿ ಇರುವವರೆಲ್ಲ ಸರದಿಯಲ್ಲಿ ಕೂರಬೇಕು. ಇದಕ್ಕಾಗಿ ಕಾಡಿನ ಬಾಯಲ್ಲಿ ಒಂದು ಹಲಗೆ. ಅದರ ಮೇಲೆ ಕಾಡಿನ ನಕ್ಷೆ, ಪ್ರತಿ ಅಟ್ಟಣೆಯ ಜಾಗದಲ್ಲೊಂದು ತೂತು. ನಮಗೆಲ್ಲ ಹೆಸರು ಬರೆದ ಒಂದೊಂದು ಮರದ ಗೂಟ. ಸಂಜೆ ಬಂದವನು ತಾನು ಕೂರುವ ಅಟ್ಟಣೆಯ ತೂತಿಗೆ ಗೂಟ ಸಿಕ್ಕಿಸಬೇಕು, ಹೋಗುವಾಗ ಕಿತ್ತುಕೊಳ್ಳಬೇಕು. ಮೊದಲು ಬಂದವನಿಗೆ ಜಾಗ. ಯಾರು ಎಲ್ಲಿ ಬಂದೂಕು ಹಿಡಿದು ಕೂತಿದ್ದಾನೆಂದು ಉಳಿದವರಿಗೆ ಗೊತ್ತಾಗಬೇಕಲ್ಲ.

"ಇಲ್ಲಿ ಯಾವ ಅಟ್ಟಣೆಯೂ ಯಾರ ಸ್ವಂತದ್ದೂ ಅಲ್ಲ," ಎಂದು ಅರಣ್ಯಾಧಿಕಾರಿ ಹೆಂಗಸು ಮೊದಲ ದಿನವೇ ಹೇಳಿದ್ದಳು. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವನು ಗುಂಟರ್.

ಅದೇ ಗುಂಟರ್ ಭಾನುವಾರ ಕೂರಲು ಗುರುವಾರವೇ ಬಂದು ಗೂಟ ಸಿಕ್ಕಿಸಿ ಹೋಗುತ್ತಿದ್ದ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರ್ಚೀಫ್ ಎಸೆದು ಸೀಟು ಹಿಡಿಯುವ ನಮ್ಮವರನ್ನು ಬೈದುಕೊಂಡು ಬೆಳೆದವನು ನಾನು. ಆದರೆ ನಮ್ಮ ಕರ್ಚೀಫಿಗೂ ಒಂದು ಮಾನ ಮರ್ಯಾದೆ ಉಂಟು. ಎಸೆದವನು ಬಸ್ಸು ಹೊರಡುವುದರೊಳಗೆ ಬರಬೇಕು. ಗುರುವಾರ ಎಸೆದು ಭಾನುವಾರ ಬರುತ್ತೇನೆಂದರೆ ಕಂಡಕ್ಟರ್ ಕರ್ಚೀಫನ್ನೂ ಬಿಸಾಡುತ್ತಾನೆ, ಅವನ ಮೂರು ತಲೆಮಾರನ್ನೂ ನೆನೆಯುತ್ತಾನೆ.

ವಸಂತ ಬಂತು. ಅಟ್ಟಣೆ ರಿಪೇರಿ ಮಾಡುವ ಕಾಲ. ಓಕ್ ಮರಗಳ ಸಾಲಿನೆದುರು ಹೊಸದೊಂದನ್ನು ಕಟ್ಟಬೇಕೆಂದಾಗ ನಾನು ಒಪ್ಪಿಕೊಂಡೆ. ನನಗೆ ಮೊಳೆ ಹೊಡೆದು ಗೊತ್ತಿಲ್ಲ. ಶನಿವಾರ ಶನಿವಾರ ಹೋಗಿ ಕಂಬ ಹೊತ್ತೆ, ಹಲಗೆ ಕೊಯ್ದೆ, ಹೆಬ್ಬೆರಳು ಜಜ್ಜಿಕೊಂಡೆ. ಗುಂಟರ್ ಮಡಚುವ ಕುರ್ಚಿಯಲ್ಲಿ ಕೂತು, ಮೊಳೆ ಸೊಟ್ಟಗಿದೆ ಎಂದು ಹೇಳುವ ಶ್ರಮದಾನ ಮಾಡಿದ. ಆದ್ಯಾ ಒಂದು ದಿನ ಬಂದು ಒಳಗಿನ ಮೂಲೆಯಲ್ಲಿ ಪೆನ್ಸಿಲಿನಿಂದ ಹಂದಿಮರಿಯ ಚಿತ್ರ ಬರೆದಳು. ಕೂರುವ ಹಲಗೆಯನ್ನು ನನ್ನ ಮೊಣಕಾಲಿನ ಎತ್ತರಕ್ಕೆ ಅಳೆದು ಕೂರಿಸಿದೆ. ಮುಗಿದ ದಿನ ಒಬ್ಬನೇ ಮೇಲೆ ಕೂತೆ. ಇಷ್ಟು ವರ್ಷದಲ್ಲಿ ಈ ದೇಶದಲ್ಲಿ ನನ್ನ ಅಳತೆಗೆ ಆದದ್ದು ಇದೊಂದೇ ಅನ್ನಿಸಿತು. ಈ ಜಾಗವನ್ನು ಯಾರಾದರೂ ಒಬ್ಬರು ಬಾಯಿಬಿಟ್ಟು ನನ್ನದು ಎನ್ನಬೇಕು ಎಂದು ಆಸೆಯಾಯಿತು. ನನಗೆ ಬೇಕಿದ್ದದ್ದು ಅಷ್ಟೇ, ಹಂದಿ ಆಮೇಲಿನ ಮಾತು.

ಅಕ್ಟೋಬರಿನಲ್ಲಿ ಓಕ್ ಕಾಯಿ ಉದುರಲು ಶುರುವಾಯಿತು. ಹಂದಿಗಳಿಗೆ ಅದೆಂದರೆ ಪ್ರಾಣ. ನಾನು ನಕ್ಷೆಯ ಹಲಗೆಯ ಮುಂದೆ ಹೋಗಿ ನಿಂತರೆ ನನ್ನ ಅಟ್ಟಣೆಯ ತೂತಿನಲ್ಲಿ ಗುಂಟರನ ಗೂಟ! ಮರುವಾರವೂ ಅದೇ. ಅದರ ಮರುವಾರವೂ.

"ಕಟ್ಟಿದವನು ನಾನು," ಎಂದೆ.

"ಚೆನ್ನಾಗಿ ಕಟ್ಟಿದ್ದೀರಿ," ಎಂದ ಅವನು, ನಗದೆ. "ಆದರೆ ಸರ್ಕಾರಿ ಕಾಡಿನಲ್ಲಿ ಯಾವ ಅಟ್ಟಣೆಯೂ ಯಾರ ಸ್ವಂತದ್ದೂ ಅಲ್ಲ."

ಆಯಿತಪ್ಪ. ಹಾಗಾದರೆ ನಿನ್ನದೂ ಯಾರದ್ದೂ ಅಲ್ಲ. ನಾನು ಕೊಳದ ಬದಿಯ ಅಟ್ಟಣೆಗೆ ನನ್ನ ಗೂಟ ಸಿಕ್ಕಿಸಿ ಹೋಗಿ ಕೂತೆ. ಸೂರ್ಯ ಮುಳುಗುವುದರೊಳಗೆ ಮೂರು ಜನರ ಫೋನು. ಅದು ಗುಂಟರನ ಜಾಗ, ಅವನು ಹರೆಯದಿಂದ ಅಲ್ಲಿ ಕೂರುತ್ತಿದ್ದಾನೆ, ಹೀಗೆಲ್ಲ ಮಾಡಬಾರದು, ಬೇಟೆಗಾರರಲ್ಲಿ ಒಂದು ರೀತಿ ನೀತಿ ಇದೆ ಎಂದರು. ಥೂ, ನಿಮ್ಮ ರೀತಿಗಿಷ್ಟು! ಹಂದಿಯ ಹೆಣಕ್ಕೆ ಟೋಪಿ ತೆಗೆಯುವವರು, ಒಬ್ಬರನ್ನೊಬ್ಬರು ಕಂಡಾಗ ಬೇರೆಯೇ ನಮಸ್ಕಾರ ಹೇಳುವವರು, ಪ್ರಾಣಿಯ ರಕ್ತವನ್ನು ರಕ್ತ ಎನ್ನದೆ ಬೆವರು ಎನ್ನುವ ನಾಜೂಕಿನವರು. ಅವರ ಕಾನೂನು ಮಾತ್ರ ನಮ್ಮ ಹಳೆಯ ಪಟೇಲರ ಕಾನೂನು. ಅವರದ್ದು ಅವರಿಗೆ, ನಮ್ಮದು ಎಲ್ಲರಿಗೂ.

ಮನೆಗೆ ಬಂದು ಕೂಗಾಡಿದೆ. ಸವಿತಾ ಚಪಾತಿ ಲಟ್ಟಿಸುತ್ತಲೇ ಕೇಳಿಸಿಕೊಂಡಳು.

"ಅದಕ್ಯಾಕ್ರೀ ಅಷ್ಟು ಬಿಪಿ ಏರಿಸ್ಕೋತೀರಾ? ನಿಮ್ಮೂರೋರ ಥರ ಒಂದು ಬೈರಾಸು ಹಾಕ್ಬಿಟ್ಟು ಬನ್ನಿ. ಸೀಟು ನಿಮ್ದೇ."

ಅವಳು ಹೇಳಿದ್ದು ತಮಾಷೆಗೆ. ಬೈರಾಸು ಎಂದರೆ ನಮ್ಮ ಕರಾವಳಿಯ ತೆಳು ಟವೆಲು. ಮೈಸೂರಿನವರಿಗೆ ಆ ಹೆಸರೇ ನಗು. ನನ್ನದು ಕೆಂಪು ಚೌಕುಳಿಯದು, ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಿಂದು ಒರೆಸಿಕೊಂಡು ಒರೆಸಿಕೊಂಡು ಮೆತ್ತಗಾದದ್ದು. ಮರುದಿನ ಅದನ್ನು ತೆಗೆದುಕೊಂಡು ಹೋಗಿ ನಾನು ಕಟ್ಟಿದ ಅಟ್ಟಣೆಯ ಕಿಟಕಿಯ ಅಡ್ಡಪಟ್ಟಿಗೆ ಎರಡು ಗಂಟು ಹಾಕಿ ಕಟ್ಟಿದೆ.

"ಪಾಪಾ, ದಸ್ ಇಸ್ಟ್ ಪೈನ್‌ಲಿಖ್," ಎಂದಳು ಆದ್ಯಾ. ನಾಚಿಕೆಗೇಡು ಎಂದರ್ಥ. ಅವಳಿಗೆ ಕನ್ನಡದಲ್ಲಿ ನಾಚಿಕೆಯಾಗುವುದಿಲ್ಲ, ಎಲ್ಲ ನಾಚಿಕೆಯೂ ಜರ್ಮನ್‌ನಲ್ಲೇ.

ಎರಡು ದಿನಕ್ಕೆ ಗುಂಟರನ ಫೋನು ಬಂತು. "ಅಟ್ಟಣೆಯಲ್ಲಿ ನಿಮ್ಮದೊಂದು ಬಟ್ಟೆ ಇದೆ. ದಯವಿಟ್ಟು ತೆಗೆಯಿರಿ."

"ನೀವೇ ತೆಗೆಯಬಹುದಲ್ಲ."

"ಅದು ನಿಮ್ಮ ಸ್ವಂತ ವಸ್ತು. ನಾನು ಮುಟ್ಟುವಂತಿಲ್ಲ."

ಅಬ್ಬಾ! ನಾನು ಕಟ್ಟಿದ ಮನೆಯೊಳಗೆ ಕೂರಬಹುದು, ನನ್ನ ಬೈರಾಸು ಮಾತ್ರ ಮುಟ್ಟುವಂತಿಲ್ಲ. "ಅಟ್ಟಣೆ ಯಾರದ್ದೂ ಅಲ್ಲ, ಒಪ್ಪಿದೆ," ಎಂದೆ. "ಬೈರಾಸಿಗೆ ಯಜಮಾನ ಇದ್ದಾನೆ. ಅವನು ತೆಗೆಯುವುದಿಲ್ಲ." ಫೋನಿಟ್ಟು ಅಡುಗೆಮನೆಯಲ್ಲಿ ಕುಣಿದೆ. ಸವಿತಾ ಹಣೆ ಚಚ್ಚಿಕೊಂಡಳು.

ಗುಂಟರ್ ಹಠಕ್ಕೆ ಬಿದ್ದು ಇನ್ನೂ ಮೂರ್ನಾಲ್ಕು ಸಂಜೆ ಅಲ್ಲೇ ಕೂತ, ಬೈರಾಸಿನ ಪಕ್ಕದಲ್ಲಿ, ಅದಕ್ಕೆ ಮೈ ತಾಗದಂತೆ. ಆಮೇಲೊಂದು ಸಂಜೆ ನಾನು ಹೋದಾಗ ಹಲಗೆಯ ಬಳಿಯೇ ಕಾಯುತ್ತಿದ್ದ. ಅವನ ಗೂಟ ಕೊಳದ ತೂತಿಗೆ ಮರಳಿತ್ತು.

"ಓಕ್ ಮರಗಳ ಅಟ್ಟಣೆಯನ್ನು ನೀವೇ ಇಟ್ಟುಕೊಳ್ಳಿ," ಎಂದ. "ನಾವೆಲ್ಲ ಮಾತಾಡಿದೆವು. ಅದು ನಿಮ್ಮದು. ಇನ್ನು ಯಾರೂ ಅಲ್ಲಿ ಕೂರುವುದಿಲ್ಲ."

ನಿಮ್ಮದು! ಆ ಮಾತು ಕೇಳಲು ನಾನು ಎಷ್ಟು ಕಾದಿದ್ದೆ. ಕೈ ಚಾಚಿದೆ. ಅವನು ಕುಲುಕಿ, ಬಿಡದೆ ಹಿಡಿದುಕೊಂಡೇ ಕೇಳಿದ.

"ನೀವು ಪರೀಕ್ಷೆ ಪಾಸಾದವರು ತಾನೆ? ಹಂದಿಯ ಮೂಗಿನ ಬಗ್ಗೆ ಪಾಠ ಇತ್ತಲ್ಲ?"

ಆಗ ನನಗೆ ಹೊಳೆಯಿತು. ವರ್ಷಗಟ್ಟಲೆ ನನ್ನ ಬೆವರನ್ನೂ ಕೊಬ್ಬರಿ ಎಣ್ಣೆಯನ್ನೂ ಕುಡಿದ ಬಟ್ಟೆಯನ್ನು ಓಕ್ ಮರಗಳೆದುರು ಬಾವುಟದ ಹಾಗೆ ಕಟ್ಟಿದವನು ನಾನು. ಗಾಳಿ ಬೀಸಿದಾಗಲೆಲ್ಲ ಇಡೀ ಕಾಡಿಗೆ ನನ್ನ ವಿಳಾಸ ತಲುಪುತ್ತಿತ್ತು. ಬುದ್ಧಿ ಇರುವ ಯಾವ ಹಂದಿ ಆ ಕಡೆ ತಲೆಹಾಕೀತು? ಗುಂಟರನ ಕಣ್ಣಲ್ಲಿ ಇದ್ದದ್ದು ತಿರಸ್ಕಾರ. ನಾನು ಅವನನ್ನು ನೋಡುತ್ತಿದ್ದದ್ದೂ ಹಾಗೆಯೇ. ನಮ್ಮಿಬ್ಬರ ನಡುವೆ ಸಮಾನವಾದದ್ದು ಅದೊಂದೇ.

ಬೈರಾಸು ಬಿಚ್ಚಿದ್ದರೆ ಮುಗಿಯುತ್ತಿತ್ತು. ಬಿಚ್ಚಿದರೆ ವಾಸನೆ ಹೋಗುತ್ತದೆ, ಹಂದಿ ಬರುತ್ತದೆ, ಹಂದಿಯ ಹಿಂದೆಯೇ ಗುಂಟರನ ಗೂಟವೂ ಬರುತ್ತದೆ. ನಾನು ಬಿಚ್ಚಲಿಲ್ಲ. ಬಂದೂಕನ್ನು ಮನೆಯಲ್ಲೇ ಬಿಟ್ಟು, ಒಂದು ಫ್ಲಾಸ್ಕ್ ಚಹಾ ಹಿಡಿದು ಹೋಗಿ, ಗೂಟ ಸಿಕ್ಕಿಸಿ, ಏನೂ ಬಾರದ ಜಾಗವನ್ನು ನೋಡುತ್ತಾ ಕೂತು ಬರಲು ಶುರು ಮಾಡಿದೆ.

ಕ್ರಿಸ್ಮಸ್ ರಜೆಗೆ ಊರಿಗೆ ಬಂದೆವು. ಸವಿತಾ, ಆದ್ಯಾ ಮೈಸೂರಿಗೆ ಹೋದರು. ನಾನು ಮಂಗಳೂರಿನಲ್ಲಿ ಮೂಡಬಿದಿರೆಯ ಬಸ್ಸು ಹತ್ತಿದೆ. ಬಸ್ಸು ಭರ್ತಿ. ಒಂದೇ ಸೀಟು ಖಾಲಿ, ಅದರ ಮೇಲೆ ಒಂದು ಹಸಿರು ಬೈರಾಸು. ಯಾರೋ ಹಿಡಿದಿಟ್ಟಿದ್ದಾರೆ, ಈಗ ಬರುತ್ತಾರೆ ಎಂದು ಪಕ್ಕದಲ್ಲಿ ನಿಂತೆ. ಬಸ್ಸು ಹೊರಟಿತು. ಯಾರೂ ಬರಲಿಲ್ಲ. ನಂತೂರು ದಾಟಿತು, ಗುರುಪುರವೂ ದಾಟಿತು. ನಾನು ಕಂಬಿ ಹಿಡಿದು ನಿಂತೇ ಇದ್ದೆ. ಇನ್ನೊಬ್ಬರ ಬಟ್ಟೆಯನ್ನು ಹೇಗೆ ಮುಟ್ಟುವುದು?

ಕಂಡಕ್ಟರ್ ಟಿಕೆಟ್ ಕೊಡುತ್ತಾ ಬಂದವನು ನನ್ನನ್ನೂ ಸೀಟನ್ನೂ ನೋಡಿದ.

"ಕೂತ್ಕೊಳ್ಳಿ ಮಾರ್ರೆ. ಎಂತಕ್ಕೆ ನಿಂತದ್ದು?"

"ಬೈರಾಸು ಉಂಟಲ್ಲ. ಯಾರದ್ದೋ ಏನೋ."

"ಅದು ಯಾರದ್ದೂ ಅಲ್ಲ. ಕಳೆದ ಟ್ರಿಪ್ಪಲ್ಲಿ ಯಾರೋ ಬಿಟ್ಟು ಹೋದದ್ದು." ಅವನು ಅದನ್ನೆತ್ತಿ ಡ್ರೈವರನ ಕಡೆಗೆ ಎಸೆದ. ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಕೇಳಿದ. "ಊರಿಗೆ ಹೊಸಬ್ರಾ?"

"ಅಲ್ಲ, ಇಲ್ಲಿಯವನೇ," ಎಂದೆ.

ಅವನು ನಂಬಲಿಲ್ಲ. ನಾನು ಕೂತೆ. ಸೀಟು ನನ್ನ ಮೊಣಕಾಲಿಗೆ ಸ್ವಲ್ಪ ತಗ್ಗಾಗಿತ್ತು.