ಗಾಳಿ ಹೋಗುವ ಸೈಕಲ್ಲು

ಇವರು ತೀರಿಕೊಂಡು ವರ್ಷಗಳಾದವು. ಈಗಲೂ ಯಾರಾದರೂ "ನಿಮ್ಮ ಯಜಮಾನರು ಬಹಳ ಗಂಭೀರ ಮನುಷ್ಯ" ಎಂದು ಹೊಗಳಿದರೆ ನನಗೆ ನಗು ತಡೆಯುವುದಿಲ್ಲ. ಗಂಭೀರವಂತೆ!

ನಮ್ಮದು ಅಳಿಯಸಂತಾನದ ಕಟ್ಟು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಗಂಡನಾದವನು ತನ್ನ ಅಕ್ಕತಂಗಿಯರ ಮನೆ ನೋಡಿಕೊಳ್ಳಬೇಕು, ಹೆಂಡತಿಯ ಮನೆಗೆ ನೆಂಟನ ಹಾಗೆ ಬಂದು ಹೋಗಬೇಕು. ಐವತ್ತರ ದಶಕದಲ್ಲಿ ಇವರು ಶನಿವಾರ ಸಂಜೆ ವಾಮದಪದವಿನಿಂದ ಶಿರ್ತಾಡಿಗೆ ಸೈಕಲ್ ತುಳಿದು ಬಂದರೆ ಸೋಮವಾರ ಬೆಳಿಗ್ಗೆ ಹೊರಡಲೇಬೇಕು. ಹೆಚ್ಚು ನಿಂತರೆ ಊರಿಗೆ ಊರೇ ನಗುತ್ತಿತ್ತು.

ಆದರೆ ಸೋಮವಾರ ಬೆಳಗಾಯಿತೆಂದರೆ ಸೈಕಲ್ಲಿನ ಗಾಳಿ ಹೋಗಿರುತ್ತಿತ್ತು. ಬರುವಾಗ ಸರಿಯಿದ್ದ ಚಕ್ರಕ್ಕೆ ಹೋಗುವಾಗ ಮಾತ್ರ ರೋಗ. "ನಿಮ್ಮ ಈ ದಾರಿಯಲ್ಲಿ ಮುಳ್ಳು ಜಾಸ್ತಿ ಉಂಟು" ಎಂದು ಮನೆಯ ಹಿರಿಯರಾದ ನನ್ನ ಸೋದರಮಾವನ ಎದುರು ತಲೆ ಕೆರೆದುಕೊಳ್ಳುತ್ತಿದ್ದರು. ಪಂಪು ಇದ್ದದ್ದು ಮೂಡುಬಿದಿರೆಯ ಅಂಗಡಿಯಲ್ಲಿ. ಅಲ್ಲಿಯವರೆಗೆ ಸೈಕಲ್ ತಳ್ಳಿಕೊಂಡು ಹೋಗಲು ಇವರಿಗೆ ಪುರುಸೊತ್ತೇ ಆಗುತ್ತಿರಲಿಲ್ಲ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆ ಸುತ್ತುವ ಕೆಲಸ ಇತ್ತಲ್ಲ!

ಒಂದು ಸಲ ಬಂಟ್ವಾಳಕ್ಕೆ ಹೋದ ಮಾವ ಪಂಪನ್ನೇ ಕೊಂಡು ತಂದರು. "ಇನ್ನು ನಿಮಗೆ ತೊಂದರೆ ಇಲ್ಲ. ಗಾಳಿ ನಾನೇ ಹೊಡೆದು ಕೊಡ್ತೇನೆ." ಇವರ ಮುಖ ನೋಡಬೇಕಿತ್ತು! ಬಾಗಿಲ ಹಿಂದೆ ನಿಂತಿದ್ದ ನನಗೂ ಚಿಂತೆ ಹತ್ತಿತು. ಇನ್ನು ಇವರನ್ನು ನಿಲ್ಲಿಸಿಕೊಳ್ಳಲು ಯಾವ ನೆಪ ಹುಡುಕುವುದು?

ಸೋಮವಾರ ಮಾವ ಪಂಪು ಹಿಡಿದು ಸೈಕಲ್ಲಿನ ಬಳಿ ಕುಳಿತರು. ನಮ್ಮ ಚಿಕ್ಕ ಮಗಳು ಓಡಿ ಬಂದು, "ಅಜ್ಜ, ಸುಮ್ಮನೆ ಹೊಡಿಬೇಡಿ. ಅಪ್ಪ ಪುನಃ ಗಾಳಿ ಬಿಡ್ತಾರೆ. ಸೈಕಲ್ ಬೀಳದ ಹಾಗೆ ಹಿಡ್ಕೊಳ್ಳುವುದು ನಾನೇ!" ಎಂದು ಹೆಮ್ಮೆಯಿಂದ ಸಾರಿಬಿಟ್ಟಳು.

ಇವರು ಏನಾದರೂ ಸುಳ್ಳು ಹೇಳಿ ಜಾರಿಕೊಳ್ಳುತ್ತಾರೆ ಎಂದುಕೊಂಡೆ. ಇಲ್ಲ. "ಹೌದು. ಈ ಮಕ್ಕಳನ್ನು ಬಿಟ್ಟು ಹೋಗ್ಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದರು.

ಮಾವ ಪಂಪನ್ನು ಬದಿಗಿಟ್ಟರು. "ಅದನ್ನು ಮೊದಲೇ ಹೇಳ್ಬಾರದಾ ಮಾರಾಯ್ರೆ? ಬೇಕಾದಷ್ಟು ದಿನ ಇರಿ. ಊರಿನವರಿಗೆ ನಾನು ಉತ್ತರ ಕೊಡ್ತೇನೆ."

ಆ ಮಧ್ಯಾಹ್ನ ಎಂದಿನಂತೆ ನೆಂಟರ ಮರ್ಯಾದೆಯಲ್ಲಿ ಚಾವಡಿಯಲ್ಲಿ ಮಣೆ ಹಾಕಿ ಎಲೆ ಇಟ್ಟೆ. ಇವರು ಎಲೆ ಎತ್ತಿಕೊಂಡು ಸೀದಾ ಅಡುಗೆಮನೆಗೆ ಬಂದು ಮಕ್ಕಳ ನಡುವೆ ನೆಲದಲ್ಲಿ ಕುಳಿತರು. "ಇವರಿಗೆ ಹಾಕಿದ್ದನ್ನೇ ನನಗೂ ಹಾಕು" ಎಂದರು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.