ಅಡುಗೆಮನೆಯಲ್ಲಿ ‘ಪುಟ್’ ಪಾಠ

1979ರಲ್ಲಿ ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಸ್ವಂತ ಊರು ಕುಣಿಗಲ್ ತಾಲ್ಲೂಕಿನ ಅಮೃತೂರು. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳಿ ಕೇಳಿ ನೆಂಟರೇ ಸುಸ್ತಾಗಿದ್ದರು. ಬಾಡಿಗೆ ರೂಮಿನಲ್ಲಿ ಒಬ್ಬಳೇ ಇದ್ದೆ. ಸ್ಕೂಲಿನಿಂದ ಬಂದು ಬಾಗಿಲು ಹಾಕಿಕೊಂಡರೆ ಮರುದಿನದ ಪ್ರೇಯರ್ ತನಕ ನನ್ನ ಬಾಯಿಗೆ ಕೆಲಸವಿರಲಿಲ್ಲ.

ಆ ವರ್ಷ ನಸೀಮಾ ಎಂಬ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದಳು. ತುಮಕೂರಿಗೆ ಹೋಗಿ ಟೀಚರ್ ಟ್ರೈನಿಂಗ್ ಮಾಡಬೇಕೆಂಬ ಆಸೆ ಅವಳಿಗೆ. ಅಕ್ಟೋಬರ್ ಪರೀಕ್ಷೆಯಲ್ಲೂ ಫೇಲಾದರೆ ಓದು ಅಲ್ಲಿಗೆ ಮುಗೀತು ಎಂದು ಸೈಕಲ್ ಶಾಪ್ ಇಟ್ಟಿದ್ದ ಅವಳ ತಂದೆ ಹೇಳಿಬಿಟ್ಟಿದ್ದರು. ದಿನಾ ಸಂಜೆ ಮನೆಗೆ ಬಂದು ಹೇಳಿಕೊಡಿ ಎಂದು ನನ್ನನ್ನು ಕರೆದವರೂ ಅವರೇ. ತಾಯಿಯಿಲ್ಲದ ಮನೆ. ಅಡುಗೆ ಅವಳ ಅಜ್ಜಿಯದು. ನಸೀಮಾಳಂತೆ ನಾನೂ ಅವರನ್ನು ದಾದಿ ಎನ್ನತೊಡಗಿದೆ.

‘ಪುಟ್’ ಎಂಬ ಕ್ರಿಯಾಪದದ ಪಕ್ಕ ಒಂದು ಚಿಕ್ಕ ಪದ ಕೂತರೆ ಅರ್ಥವೇ ಬೇರೆಯಾಗುತ್ತದೆ. ಪುಟ್ ಆನ್ ಎಂದರೆ ತೊಡುವುದು, ಪುಟ್ ಔಟ್ ಎಂದರೆ ಆರಿಸುವುದು, ಪುಟ್ ಆಫ್ ಎಂದರೆ ಮುಂದೂಡುವುದು. ನಸೀಮಾ ಇವನ್ನೆಲ್ಲ ಗೈಡಿನಲ್ಲಿದ್ದ ಕ್ರಮದಲ್ಲೇ ಬಾಯಿಪಾಠ ಮಾಡಿದ್ದಳು. ನಡುವಿನದೊಂದನ್ನು ಕೇಳಿದರೆ ಮೊದಲಿನಿಂದ ಶುರು ಮಾಡಬೇಕು, ಪಾಪ!

ಗೈಡ್ ಮುಚ್ಚಿಸಿ ಪಾಠವನ್ನು ಅಡುಗೆಮನೆಗೆ ಒಯ್ದೆ. ಒಲೆ ಆರಿಸುವಾಗ ಅದರ ವಾಕ್ಯ ಹೇಳಬೇಕು, ಸ್ವೆಟರ್ ತೊಡುವಾಗ ಅದರದು. ಸಂತೆಗೆ ಹೋಗುವುದನ್ನು ಮುಂದೂಡಿದರೆ ಅದಕ್ಕೂ ಒಂದು. ದಾದಿಯೂ “ಪುಟ್ಟೌಟು” ಎನ್ನುತ್ತ ಸೌದೆ ಎಳೆಯುತ್ತಿದ್ದರು. ಮೂವರೂ ನಗುತ್ತಿದ್ದೆವು. ನಾನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ!

ಒಂದು ಸಂಜೆ ‘ಪುಟ್ ಅಪ್ ವಿತ್’ ಬಂತು, ಎಂದರೆ ಸಹಿಸಿಕೊಳ್ಳುವುದು.

“ಇದನ್ನ ಹೆಂಗೆ ಮಾಡಿ ತೋರ್ಸೋದು, ಮಿಸ್?” ಎಂದಳು ನಸೀಮಾ.

“ನಾನು ಒಬ್ಬಳೇ ಇದೀನಿ. ಅದನ್ನ ಸಹಿಸ್ಕೊಂಡಿದೀನಿ” ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಏನಂತೆ ಎಂದು ದಾದಿ ಕೇಳಿದಾಗ ನಸೀಮಾ ಉರ್ದುವಿನಲ್ಲಿ ತಿಳಿಸಿದಳು. ದಾದಿ ಒಂದು ತಟ್ಟೆ ತೊಳೆದು ನನ್ನ ಮುಂದಿಟ್ಟರು.

“ಇವತ್ತು ಬೇಳೆಸಾರೇ ಮಾಡಿದೀನಿ. ಊಟ ಮಾಡ್ಕೊಂಡು ಹೋಗು, ಮಗಳೇ.”

ಅಂದಿನಿಂದ ನನ್ನ ರಾತ್ರಿಯ ಊಟ ಅಲ್ಲೇ. ನಾನು ಮಾಂಸ ತಿನ್ನುವುದಿಲ್ಲವೆಂದು ದಿನಾ ಬೇಳೆಸಾರು. ನಸೀಮಾ ಪಾಸಾಗಲಿ ಎಂದು ದೇವರಾಯನದುರ್ಗದ ನರಸಿಂಹಸ್ವಾಮಿಗೆ ಹರಕೆ ಹೊತ್ತೆ. ಈ ಪಾಠ ಮುಗಿಯದಿರಲಿ ಎಂದೂ ಜೊತೆಗೇ ಬೇಡಿಕೊಂಡೆ. ದೇವರಾದರೂ ಏನು ಮಾಡಿಯಾನು?

ನಸೀಮಾ ಪಾಸಾದಳು. ತುಮಕೂರಿನಲ್ಲಿ ಮನೆ ಮಾಡಿ ಅವಳ ಜೊತೆಗಿರಲು ದಾದಿಯೂ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದುಕೊಂಡು, “ಅಲ್ಲಿಗೂ ಬರ್ತಾ ಇರು, ಮಗಳೇ” ಎಂದರು.

“ಬರ್ತೀನಿ ದಾದಿ” ಎಂದೆ.

ಹೋಗಲಿಲ್ಲ. ಬಸ್ಸಿಗೇನೂ ಬರವಿರಲಿಲ್ಲ, ಭಾನುವಾರಗಳಿಗೂ ಇರಲಿಲ್ಲ. ಪಾಠವಿಲ್ಲದೆ ಏನೆಂದು ಹೇಳಿಕೊಂಡು ಬಾಗಿಲು ತಟ್ಟಲಿ ಎಂದು ರೂಮಿನಲ್ಲೇ ಕೂತುಬಿಟ್ಟೆ. ಕೆಲಸ ನಿಮಗೇನು ಕಲಿಸಿತು ಎಂದು ಈಗ ಯಾರಾದರೂ ಕೇಳಿದರೆ, ಕರೆದವರ ಮನೆಗೆ ಕೆಲಸವಿಲ್ಲದಿದ್ದರೂ ಹೋಗಬೇಕು ಎನ್ನುತ್ತೇನೆ. ಪಾಠ ಹೇಳಲು ಯಾರ ಮನೆಗಾದರೂ ಹೋಗುವುದು ನನಗೆ ಬರುತ್ತಿತ್ತು. ಸುಮ್ಮನೆ ಹೋಗಿ ಕೂರುವುದು ಬರುತ್ತಿರಲಿಲ್ಲ.